ಹೋಲೋಕಾಸ್ಟ್ ನೆನಪಿನ ಚಿತ್ರೋತ್ಸವ ನಡೆಸುವುದು ಹೇಗೆ? ಶಿಕ್ಷಕರಿಗೆ, ಚಿತ್ರಸಮಾಜಗಳಿಗೆ ಒಂದು ಮಾರ್ಗದರ್ಶಿ

ದಸರಾ ರಜೆ ಮುಗಿಯುತ್ತಿದ್ದಂತೆ ಈ ಪ್ರಶ್ನೆ ಬರಲು ಶುರುವಾಗುತ್ತದೆ. ಕೇಳುವವರು ಪ್ರೌಢಶಾಲೆಯ ಇತಿಹಾಸ ಶಿಕ್ಷಕರು, ಕಾಲೇಜಿನ ಎನ್‌ಎಸ್‌ಎಸ್ ಅಧಿಕಾರಿಗಳು, ಊರಿನ ಚಿತ್ರಸಮಾಜ ನಡೆಸುವವರು, ಕೆಲವೊಮ್ಮೆ ವಿದೇಶದ ಕನ್ನಡ ಕೂಟದವರು. ಪ್ರಶ್ನೆ ಮಾತ್ರ ಒಂದೇ: ‘ಜನವರಿ 27ಕ್ಕೆ ಹೋಲೋಕಾಸ್ಟ್ ನೆನಪಿನ ಚಿತ್ರೋತ್ಸವ ಮಾಡಬೇಕೆಂದಿದ್ದೇವೆ, ಒಳ್ಳೆಯ ಐದು ಸಿನಿಮಾ ಹೇಳಿ.’

ಐದು ಸಿನಿಮಾಗಳ ಪಟ್ಟಿ ಯಾರಿಗೂ ಸಿಗುತ್ತದೆ. ಸಿನಿಮಾ ಮುಗಿದು ದೀಪ ಹತ್ತಿದಾಗ, ಕಣ್ಣೊರೆಸಿಕೊಳ್ಳುತ್ತಿರುವ ಅರವತ್ತು ಮಕ್ಕಳ ಎದುರು ನಿಂತು ಏನು ಮಾಡಬೇಕು ಎಂಬುದು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅತ್ತ ಮಾತ್ರಕ್ಕೆ ಮಕ್ಕಳು ಏನಾದರೂ ಕಲಿತಿದ್ದಾರೆ ಎಂದು ನಂಬಬೇಡಿ. ಈ ಬರಹ ಸಿನಿಮಾಕ್ಕಿಂತ ಮುಂಚಿನ ಗಂಟೆ ಮತ್ತು ನಂತರದ ಗಂಟೆಯ ಬಗ್ಗೆಯೇ ಹೆಚ್ಚು ಮಾತನಾಡುತ್ತದೆ.

ನಾನು ಮಾದರಿಯಾಗಿ ಇಟ್ಟುಕೊಂಡಿರುವುದು ಜೆಕ್ ದೇಶವನ್ನು. ಅಲ್ಲಿನ ‘ಪೀಪಲ್ ಇನ್ ನೀಡ್’ ಎಂಬ ಸೇವಾ ಸಂಸ್ಥೆ 1990ರ ದಶಕದ ಕೊನೆಯಿಂದ ಪ್ರಾಗ್‌ನಲ್ಲಿ ‘ಒನ್ ವರ್ಲ್ಡ್’ ಎಂಬ ಮಾನವ ಹಕ್ಕುಗಳ ಸಾಕ್ಷ್ಯಚಿತ್ರೋತ್ಸವ ನಡೆಸುತ್ತಿದೆ. 2001ರಲ್ಲಿ ಅದಕ್ಕೆ ಶಾಲೆಗಳ ವಿಭಾಗವೊಂದು ಸೇರಿತು. ಅಲ್ಲಿ ಶಿಕ್ಷಕರ ಕೈಗೆ ಬರಿಯ ಚಿತ್ರ ಬರುವುದಿಲ್ಲ, ಚಿತ್ರದ ಜೊತೆ ಪಾಠದ ಯೋಜನೆಯೂ ಬರುತ್ತದೆ. ನವೆಂಬರ್ ತಿಂಗಳಲ್ಲಿ ಅಲ್ಲಿನ ಶಾಲೆಗಳು ತಮ್ಮ ದೇಶದ ಕಮ್ಯುನಿಸ್ಟ್ ಆಡಳಿತದ ಅನ್ಯಾಯಗಳ ಕುರಿತ ಚಿತ್ರಗಳನ್ನು ತೋರಿಸಿ, ಅದನ್ನು ಅನುಭವಿಸಿದವರನ್ನೇ ಚರ್ಚೆಗೆ ಕರೆಸುವ ಕ್ರಮವೂ ಇದೆ. ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ಜಗತ್ತಿನ ಸಿನಿಮಾಗಳನ್ನು ಹಳ್ಳಿಯ ಪ್ರೇಕ್ಷಕರ ಮುಂದಿಟ್ಟು ಅದರ ಬಗ್ಗೆ ಕನ್ನಡದಲ್ಲಿ ಮಾತನಾಡಿದ ಚರಿತ್ರೆ ಗೊತ್ತಿರುವವರಿಗೆ ಇದು ಹೊಸದೆನಿಸುವುದಿಲ್ಲ.

ಮೊದಲು ಕೆಲವು ಪದಗಳು

ಹೋಲೋಕಾಸ್ಟ್: 1933ರಿಂದ 1945ರ ನಡುವೆ ನಾಜಿ ಜರ್ಮನಿ ಮತ್ತು ಅದರ ಸಹಚರರು ಯುರೋಪಿನ ಯಹೂದಿಗಳನ್ನು ಸರ್ಕಾರದ ಯಂತ್ರಾಂಗ ಬಳಸಿ ಹಿಂಸಿಸಿ, ಸುಮಾರು 60 ಲಕ್ಷ ಮಂದಿಯನ್ನು ಕೊಂದದ್ದು. ಅದೇ ಆಡಳಿತ ಯುರೋಪಿನ ಅಲ್ಪಸಂಖ್ಯಾತ ಸಮುದಾಯಗಳಾದ ರೋಮಾ ಮತ್ತು ಸಿಂತಿ ಜನರನ್ನು, ಅಂಗವಿಕಲರನ್ನು, ಸೋವಿಯತ್ ಯುದ್ಧಕೈದಿಗಳನ್ನು, ಪೋಲಿಷ್ ನಾಗರಿಕರನ್ನೂ ದೊಡ್ಡ ಸಂಖ್ಯೆಯಲ್ಲಿ ಕೊಂದಿತು.

ಗೆಟ್ಟೊ: ಯಹೂದಿಗಳನ್ನು ಮನೆಯಿಂದ ಎಬ್ಬಿಸಿ ಒಟ್ಟಾಗಿ ಕೂಡಿಹಾಕಿದ ನಗರಭಾಗ. ಯಾತನಾ ಶಿಬಿರ: ಕೈದಿಗಳನ್ನು ಇಟ್ಟು ದುಡಿಸಿ, ಹಸಿವಿನಿಂದ ಸಾಯಿಸುತ್ತಿದ್ದ ಜಾಗ. ಹತ್ಯಾ ಕೇಂದ್ರ: ರೈಲಿನಿಂದ ಇಳಿದವರನ್ನು ಬಹುಪಾಲು ಆ ದಿನವೇ ವಿಷಾನಿಲದಿಂದ ಕೊಲ್ಲಲೆಂದೇ ಕಟ್ಟಿದ ಜಾಗ, ಟ್ರೆಬ್ಲಿಂಕಾದಂತೆ. ಆಶ್‌ವಿಟ್ಜ್ ಶಿಬಿರವೂ ಹೌದು, ಹತ್ಯಾ ಕೇಂದ್ರವೂ ಹೌದು. ಅಲ್ಲಿ ಸತ್ತವರು ಸುಮಾರು 11 ಲಕ್ಷ, ಅವರಲ್ಲಿ ಸುಮಾರು 10 ಲಕ್ಷ ಯಹೂದಿಗಳು. ಚರ್ಚೆ ನಡೆಸುವವರು ಈ ಮೂರನ್ನೂ ‘ಕ್ಯಾಂಪ್’ ಎಂದು ಒಟ್ಟಿಗೆ ಸೇರಿಸಿಬಿಟ್ಟರೆ ಮಕ್ಕಳಿಗೆ ಕೊನೆಯವರೆಗೂ ಗೊಂದಲ ತಪ್ಪುವುದಿಲ್ಲ.

ಹಂತ 1: ಉದ್ದೇಶವನ್ನು ಒಂದು ವಾಕ್ಯದಲ್ಲಿ ಬರೆಯಿರಿ

‘ಸಹಿಷ್ಣುತೆ ಕಲಿಸುವುದು’ ಎಂದು ಬರೆದರೆ ಸಾಲದು. ಅದನ್ನು ಆಮಂತ್ರಣ ಪತ್ರಿಕೆಯಲ್ಲಿ ಹಾಕಿಕೊಳ್ಳಿ, ಆದರೆ ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಇನ್ನೂ ನಿರ್ದಿಷ್ಟವಾಗಿ ಬರೆದುಕೊಳ್ಳಿ. ಉದಾಹರಣೆಗೆ: ‘ಕೊಲೆ ಆರಂಭವಾಗುವುದಕ್ಕೆ ಬಹಳ ಮೊದಲೇ, ಕಾನೂನುಗಳು ನೆರೆಹೊರೆಯವರನ್ನು ಹೇಗೆ ಬೇರ್ಪಡಿಸಿದವು ಎಂಬುದನ್ನು ಒಂಬತ್ತನೆಯ ತರಗತಿಯ ಮಕ್ಕಳು ವರ್ಷದ ಕ್ರಮದಲ್ಲಿ ಹೇಳಬಲ್ಲವರಾಗಬೇಕು.’

ಈ ಉದ್ದೇಶಕ್ಕೆ ಬೇಕಾದ ದಿನಾಂಕಗಳು ಹೆಚ್ಚಿಲ್ಲ. 1933ರ ಜನವರಿ 30ರಂದು ಹಿಟ್ಲರ್ ಚಾನ್ಸಲರ್ ಆದ. ಏಪ್ರಿಲ್ 1ರಂದು ಯಹೂದಿ ಅಂಗಡಿಗಳ ಬಹಿಷ್ಕಾರ. ಅದೇ ವಾರ ಯಹೂದಿಗಳನ್ನು ಸರ್ಕಾರಿ ನೌಕರಿಯಿಂದ ತೆಗೆಯುವ ಕಾನೂನು. 1935ರ ಸೆಪ್ಟೆಂಬರ್‌ನ ನ್ಯೂರೆಂಬರ್ಗ್ ಕಾನೂನುಗಳು ಪೌರತ್ವ ಕಿತ್ತುಕೊಂಡು, ಯಹೂದಿಗಳು ಮತ್ತು ಇತರ ಜರ್ಮನ್ನರ ನಡುವಿನ ಮದುವೆಯನ್ನು ನಿಷೇಧಿಸಿದವು. 1938ರ ನವೆಂಬರ್ 9 ಮತ್ತು 10ರಂದು ಸಿನಗಾಗ್‌ಗಳಿಗೆ, ಅಂದರೆ ಯಹೂದಿ ಪ್ರಾರ್ಥನಾ ಮಂದಿರಗಳಿಗೆ, ಬೆಂಕಿ ಬಿತ್ತು. ಅದಾದ ಕೆಲವೇ ದಿನಗಳಲ್ಲಿ, ನವೆಂಬರ್ 12ರಂದು, ಯಹೂದಿಗಳು ಸಿನಿಮಾ ಮಂದಿರ, ನಾಟಕಶಾಲೆ, ಸಂಗೀತ ಸಭೆಗಳಿಗೆ ಕಾಲಿಡಬಾರದೆಂಬ ಆಜ್ಞೆ ಬಂತು. 15ರಂದು ಯಹೂದಿ ಮಕ್ಕಳನ್ನು ಜರ್ಮನ್ ಸರ್ಕಾರಿ ಶಾಲೆಗಳಿಂದ ಹೊರಹಾಕಿದರು.

ನವೆಂಬರ್ 12ರ ಆಜ್ಞೆಯಿಂದ ಚಿತ್ರೋತ್ಸವ ಆರಂಭಿಸಿ. ಸಿನಿಮಾ ನೋಡಲು ಕುಳಿತಿರುವ ಮಕ್ಕಳಿಗೆ ‘ಸಿನಿಮಾ ನೋಡಬಾರದು’ ಎಂಬ ಕಾನೂನು ಅರ್ಥವಾಗಲು ಭಾಷಣ ಬೇಕಾಗುವುದಿಲ್ಲ.

ಹಂತ 2: ದಿನ, ವಯಸ್ಸು, ಸಂಖ್ಯೆ

1945ರ ಜನವರಿ 27ರಂದು ಸೋವಿಯತ್ ಸೇನೆ ಆಶ್‌ವಿಟ್ಜ್ ತಲುಪಿತು. ವಿಶ್ವಸಂಸ್ಥೆಯ ಮಹಾಸಭೆ 2005ರ ನವೆಂಬರ್ 1ರಂದು ಆ ದಿನವನ್ನು ಅಂತರರಾಷ್ಟ್ರೀಯ ಸ್ಮರಣ ದಿನವೆಂದು ಘೋಷಿಸಿತು. ಆದರೆ ನಮ್ಮ ಶಾಲೆಗಳಲ್ಲಿ ಅದು ಗಣರಾಜ್ಯೋತ್ಸವದ ಮರುದಿನ. ಪಥಸಂಚಲನ ಮಾಡಿ ದಣಿದ ಮಕ್ಕಳು, ಎಸ್‌ಎಸ್‌ಎಲ್‌ಸಿ ಪೂರ್ವಸಿದ್ಧತಾ ಪರೀಕ್ಷೆಯ ಆತಂಕ, ಖಾಲಿಯಾದ ಶಿಕ್ಷಕರ ತಾಳ್ಮೆ. ನನ್ನನ್ನು ಕೇಳಿದರೆ ನವೆಂಬರ್ 9ರ ವಾರ ವಾಸಿ. ರೋಮಾ ಜನರ ಕಥೆಯನ್ನು ಮುಖ್ಯವಾಗಿಸುವುದಾದರೆ ಆಗಸ್ಟ್ 2 ಇದೆ. 1944ರ ಆ ರಾತ್ರಿ ಆಶ್‌ವಿಟ್ಜ್–ಬಿರ್ಕೆನಾವ್‌ನಲ್ಲಿ ಉಳಿದಿದ್ದ ಸಾವಿರಾರು ರೋಮಾ ಮತ್ತು ಸಿಂತಿ ಜನರನ್ನು ಕೊಂದರು.

ಆರನೆಯ ತರಗತಿಗಿಂತ ಕೆಳಗಿನ ಮಕ್ಕಳಿಗೆ ಈ ವಿಷಯದ ಚಿತ್ರಗಳು ಬೇಡ. ವಾಷಿಂಗ್ಟನ್‌ನ ಹೋಲೋಕಾಸ್ಟ್ ಸ್ಮಾರಕ ವಸ್ತುಸಂಗ್ರಹಾಲಯದ ಸಲಹೆಯೂ ಇದೇ. ಕೇಂದ್ರ ಪಠ್ಯಕ್ರಮದ ಒಂಬತ್ತನೆಯ ತರಗತಿಯ ಇತಿಹಾಸದಲ್ಲಿ ನಾಜಿವಾದದ ಪಾಠ ಓದಿದವರಿಗೆ ನೆಲ ಹದವಾಗಿರುತ್ತದೆ, ಅಲ್ಲಿಂದ ಆರಂಭಿಸುವುದು ಸುಲಭ.

ಒಂದು ಪ್ರದರ್ಶನಕ್ಕೆ ಅರವತ್ತು ಮಂದಿ ಸಾಕು. ಇಡೀ ಶಾಲೆಯನ್ನು ಸಭಾಂಗಣದಲ್ಲಿ ತುಂಬಿಸಿದರೆ ಪತ್ರಿಕೆಗೆ ಒಳ್ಳೆಯ ಫೋಟೊ ಸಿಗುತ್ತದೆ, ಚರ್ಚೆ ಸಿಗುವುದಿಲ್ಲ.

ಹಂತ 3: ಚಿತ್ರಗಳನ್ನು ಆರಿಸಿ, ಮೂರಕ್ಕಿಂತ ಹೆಚ್ಚು ಬೇಡ

ಒಂದು ಕಿರು ಸಾಕ್ಷ್ಯಚಿತ್ರ, ಒಂದು ಕಥಾಚಿತ್ರ, ಬದುಕಿ ಉಳಿದವರೊಬ್ಬರ ಸಾಕ್ಷ್ಯದ ಧ್ವನಿಮುದ್ರಣ ಅಥವಾ ವಿಡಿಯೊ. ಒಂದು ವಾರದ ಉತ್ಸವಕ್ಕೆ ಇಷ್ಟು ಧಾರಾಳವಾಗುತ್ತದೆ. ದಿನಕ್ಕೆ ಮೂರು ಸಿನಿಮಾ ತೋರಿಸುವ ಉತ್ಸವ ಸಿನಿಮಾ ಪ್ರಿಯರಿಗೆ ಸರಿ. ಈ ವಿಷಯದಲ್ಲಿ ಅದು ಮನಸ್ಸನ್ನು ಮರಗಟ್ಟಿಸುತ್ತದೆ.

ಎಲ್ಲರೂ ಮೊದಲು ಹೆಸರಿಸುವುದು ‘ದಿ ಬಾಯ್ ಇನ್ ದ ಸ್ಟ್ರೈಪ್ಡ್ ಪೈಜಾಮಾಸ್’ ಚಿತ್ರವನ್ನು. ಶಿಬಿರದ ಅಧಿಕಾರಿಯ ಮಗ ಬೇಲಿಯ ಆಚೆಗಿನ ಯಹೂದಿ ಹುಡುಗನ ಗೆಳೆಯನಾಗುವ ಕಥೆ. ದಯವಿಟ್ಟು ಬೇಡ. ಆಶ್‌ವಿಟ್ಜ್‌ಗೆ ಬಂದ ಆ ವಯಸ್ಸಿನ ಮಕ್ಕಳಲ್ಲಿ ಬಹುತೇಕರನ್ನು ಬಂದ ದಿನವೇ ಕೊಲ್ಲುತ್ತಿದ್ದರು. ಬೇಲಿಯಲ್ಲಿ ವಿದ್ಯುತ್ ಹರಿಯುತ್ತಿತ್ತು, ಕಾವಲಿತ್ತು. ದಿನಗಟ್ಟಲೆ ಬೇಲಿ ಬದಿ ಕುಳಿತು ಹರಟುವ ಪ್ರಸಂಗವೇ ಅಲ್ಲಿ ಸಾಧ್ಯವಿರಲಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಏನೆಂದರೆ, ಕೊನೆಯಲ್ಲಿ ನಾವು ಅಳುವುದು ಅಧಿಕಾರಿಯ ಮನೆಗೆ ಬಂದ ದುಃಖಕ್ಕೆ. ಈ ಕಥೆಯ ಮೂಲ ಕಾದಂಬರಿಯಿಂದ ಹೋಲೋಕಾಸ್ಟ್ ಕಲಿಯುವವರೂ ಕಲಿಸುವವರೂ ದೂರವಿರಬೇಕು ಎಂದು ಆಶ್‌ವಿಟ್ಜ್ ಸ್ಮಾರಕವೇ 2020ರಲ್ಲಿ ಬಹಿರಂಗವಾಗಿ ಹೇಳಿತು. ಇಷ್ಟಾದರೂ ‘ಮಕ್ಕಳಿಗೆ ಸೂಕ್ತ’ ಎಂಬ ಪಟ್ಟಿಗಳಲ್ಲಿ ಅದು ಮೇಲೆಯೇ ಇರುತ್ತದೆ.

ಎರಡನೆಯ ಗುಂಡಿ, ರಕ್ಷಿಸಿದವರ ಕಥೆ ಮಾತ್ರ ತೋರಿಸುವುದು. ಸ್ಪೀಲ್‌ಬರ್ಗ್ ಅವರ 1993ರ ‘ಶಿಂಡ್ಲರ್ಸ್ ಲಿಸ್ಟ್’ ಗಂಭೀರವಾದ ಚಿತ್ರ, ತೋರಿಸಬಾರದೆಂದು ನಾನು ಹೇಳುವುದಿಲ್ಲ. ಆದರೆ ಅದು ಮೂರು ಗಂಟೆ ಹದಿನೈದು ನಿಮಿಷದ್ದು, ವಯಸ್ಕರಿಗೆಂದು ಮಾಡಿದ್ದು, ಮತ್ತು ಬದುಕಿ ಉಳಿದ ಸುಮಾರು 1,200 ಮಂದಿಯ ಕಥೆ. ಅದೊಂದನ್ನೇ ನೋಡಿದ ಹುಡುಗ ‘ಒಳ್ಳೆಯವರು ಬಂದು ಕಾಪಾಡಿದರು’ ಎಂದುಕೊಂಡು ಮನೆಗೆ ಹೋಗುತ್ತಾನೆ. ಜೆರುಸಲೇಮಿನ ಯಾದ್ ವಾಶೆಮ್ ಸ್ಮಾರಕ ಪ್ರಾಣ ಪಣಕ್ಕಿಟ್ಟು ಯಹೂದಿಗಳನ್ನು ಕಾಪಾಡಿದ 28,000ಕ್ಕೂ ಹೆಚ್ಚು ಮಂದಿಯನ್ನು ಗುರುತಿಸಿದೆ. ಆಗಿನ ಯುರೋಪಿನ ಕೋಟ್ಯಂತರ ಜನಸಂಖ್ಯೆಯ ಎದುರು ಈ ಅಂಕಿಯನ್ನಿಟ್ಟು ಮಕ್ಕಳೇ ಲೆಕ್ಕ ಹಾಕಲಿ.

ಹಾಗಾದರೆ ಏನು ತೋರಿಸುವುದು? ಪ್ರೌಢಶಾಲೆಗೆ ನನ್ನ ಮೊದಲ ಆಯ್ಕೆ ಲೂಯಿ ಮಾಲ್ ಅವರ 1987ರ ಫ್ರೆಂಚ್ ಚಿತ್ರ ‘ಓ ರೆವ್ವಾ ಲೆಜಾಂಫಾಂ’. 1944ರ ಜನವರಿಯಲ್ಲಿ ಅವರು ಓದುತ್ತಿದ್ದ ಕ್ಯಾಥೊಲಿಕ್ ವಸತಿ ಶಾಲೆಗೆ ಗೆಸ್ಟಪೊ, ಅಂದರೆ ನಾಜಿ ಗುಪ್ತ ಪೊಲೀಸರು, ನುಗ್ಗಿ ಅಡಗಿದ್ದ ಮೂವರು ಯಹೂದಿ ಹುಡುಗರನ್ನೂ ಆಶ್ರಯ ಕೊಟ್ಟಿದ್ದ ಮುಖ್ಯೋಪಾಧ್ಯಾಯ ಪಾದ್ರಿಯನ್ನೂ ಹಿಡಿದೊಯ್ದರು. ಚಿತ್ರ ಆ ನೆನಪಿನಿಂದ ಹುಟ್ಟಿದ್ದು. ಒಂದು ಹೆಣವನ್ನೂ ತೋರಿಸುವುದಿಲ್ಲ. ಶಾಲೆ, ಹಾಸ್ಟೆಲ್, ಜಗಳ, ಗೆಳೆತನ, ಇವೆಲ್ಲ ನಮ್ಮ ಮಕ್ಕಳಿಗೆ ಗೊತ್ತಿರುವ ಲೋಕ.

ಕಾಲೇಜಿಗೆ 1965ರ ಚೆಕೊಸ್ಲೊವಾಕಿಯಾದ ‘ದಿ ಶಾಪ್ ಆನ್ ಮೇನ್ ಸ್ಟ್ರೀಟ್’. ಯಹೂದಿ ಮುದುಕಿಯೊಬ್ಬಳ ಗುಂಡಿ-ದಾರದ ಅಂಗಡಿಗೆ ಬಡ ಬಡಗಿಯೊಬ್ಬನನ್ನು ಸರ್ಕಾರ ಒಡೆಯನನ್ನಾಗಿ ನೇಮಿಸುತ್ತದೆ. ಅವನು ಕೆಟ್ಟವನಲ್ಲ, ಆದರೆ ಬೇಡ ಎನ್ನುವುದೂ ಇಲ್ಲ. ವಿದ್ಯಾರ್ಥಿಗಳು ಅವನನ್ನು ಮೊದಲು ಕ್ಷಮಿಸುತ್ತಾರೆ, ಚರ್ಚೆ ಮುಂದುವರಿದಂತೆ ಹಿಂಜರಿಯುತ್ತಾರೆ. ಸಹಿಷ್ಣುತೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಕಥೆ ನನಗೆ ಗೊತ್ತಿಲ್ಲ. ಅಲ್ಲಿನ ಪ್ರಶ್ನೆ ದ್ವೇಷದ್ದಲ್ಲ, ಲಾಭದ್ದು.

ಸಾಕ್ಷ್ಯಚಿತ್ರಗಳಲ್ಲಿ ಕ್ಲೋದ್ ಲಾಂಜ್‌ಮನ್ ಅವರ 1985ರ ‘ಶೋಆ’ ಒಂಬತ್ತು ಗಂಟೆಗೂ ಮಿಕ್ಕಿದ್ದು. ಹಳೆಯ ದೃಶ್ಯಾವಳಿಯ ಒಂದು ತುಣುಕೂ ಅದರಲ್ಲಿಲ್ಲ, ಇರುವುದು ಜನರ ಮಾತು ಮತ್ತು ಇಂದಿನ ಖಾಲಿ ಜಾಗಗಳು. ಇಪ್ಪತ್ತು ನಿಮಿಷದ ಒಂದು ಭಾಗ ಆರಿಸಿಕೊಂಡರೆ ಸಾಕು. ಅಲೆನ್ ರೆನೆ ಅವರ 1956ರ ‘ನೈಟ್ ಅಂಡ್ ಫಾಗ್’ 32 ನಿಮಿಷದ್ದೆಂಬ ಕಾರಣಕ್ಕೆ ತರಗತಿಗೆ ಹೊಂದುತ್ತದೆಂದು ಹಲವರು ತಿಳಿದಿದ್ದಾರೆ. ಅದರ ಕೊನೆಯ ಭಾಗದಲ್ಲಿ ಹೆಣಗಳ ರಾಶಿಗಳಿವೆ, ಯಹೂದಿಗಳ ಉಲ್ಲೇಖ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಪದವಿ ವಿದ್ಯಾರ್ಥಿಗಳಿಗೆ ಮಾತ್ರ, ಅದೂ ಪೂರ್ವಸಿದ್ಧತೆಯ ನಂತರ ತೋರಿಸಿ.

ಹಂತ 4: ಕ್ಯಾಮರಾ ಯಾರ ಕೈಯಲ್ಲಿತ್ತು ಎಂದು ಕೇಳಲು ಕಲಿಸಿ

ಚಿತ್ರೋತ್ಸವವೊಂದು ಪಠ್ಯಪುಸ್ತಕಕ್ಕಿಂತ ಹೆಚ್ಚು ಮಾಡಬಲ್ಲ ಕೆಲಸ ಇದು. ಹೆಚ್ಚಿನ ಉತ್ಸವಗಳು ಇದನ್ನೇ ಬಿಟ್ಟುಬಿಡುತ್ತವೆ.

ಹೋಲೋಕಾಸ್ಟ್‌ನ ಹಳೆಯ ದೃಶ್ಯಗಳಲ್ಲಿ ಬಹಳಷ್ಟನ್ನು ತೆಗೆದವರು ಕೊಂದವರೇ. ವಾರ್ಸಾ ಗೆಟ್ಟೊವನ್ನು 1942ರ ಮೇ ತಿಂಗಳಲ್ಲಿ ಜರ್ಮನ್ ಪ್ರಚಾರ ತಂಡವೊಂದು ಚಿತ್ರೀಕರಿಸಿತು. ಆ ರೀಲುಗಳು ಯುದ್ಧದ ನಂತರ ಸಿಕ್ಕಾಗ ಸಾಕ್ಷ್ಯಚಿತ್ರಕಾರರು ಅವನ್ನು ಇದ್ದುದು ಇದ್ದ ಹಾಗೆ ಸತ್ಯವೆಂದು ದಶಕಗಳ ಕಾಲ ಬಳಸಿದರು. ಆಮೇಲೆ ಇನ್ನೊಂದು ರೀಲು ಸಿಕ್ಕಿತು. ಯಹೂದಿಗಳಲ್ಲೇ ಶ್ರೀಮಂತರು ಹಸಿದವರನ್ನು ಲೆಕ್ಕಿಸದೆ ನಡೆದುಹೋಗುವ ದೃಶ್ಯವನ್ನು ಮತ್ತೆ ಮತ್ತೆ ಮಾಡಿಸಿ ತೆಗೆದದ್ದು ಅದರಲ್ಲಿ ಕಂಡಿತು. 2010ರಲ್ಲಿ ಬಂದ ‘ಎ ಫಿಲ್ಮ್ ಅನ್‌ಫಿನಿಶ್ಡ್’ ಈ ರೀಲುಗಳ ಬಗ್ಗೆಯೇ ಮಾಡಿದ ಚಿತ್ರ.

ತರಗತಿಗೆ ಇನ್ನೂ ಹೊಂದುವ ಉದಾಹರಣೆ ಟೆರೆಜಿನ್. ಪ್ರಾಗ್‌ನಿಂದ ಸುಮಾರು 60 ಕಿಲೋಮೀಟರ್ ಉತ್ತರಕ್ಕೆ ಹದಿನೆಂಟನೆಯ ಶತಮಾನದ ಕೋಟೆ ಊರು ಅದು. 1941ರ ನವೆಂಬರ್‌ನಿಂದ ನಾಜಿಗಳು ಅದನ್ನು ಗೆಟ್ಟೊ ಮಾಡಿದರು. ಒಟ್ಟು 1,40,000ಕ್ಕೂ ಹೆಚ್ಚು ಯಹೂದಿಗಳು ಅಲ್ಲಿಗೆ ಬಂದರು, ಸುಮಾರು 33,000 ಮಂದಿ ಅಲ್ಲೇ ಸತ್ತರು, 87,000ದಷ್ಟು ಜನರನ್ನು ಪೂರ್ವದ ಹತ್ಯಾ ಸ್ಥಳಗಳಿಗೆ ಸಾಗಿಸಿದರು. 1944ರ ಜೂನ್ 23ರಂದು ರೆಡ್ ಕ್ರಾಸ್ ತಂಡವೊಂದು ಅಲ್ಲಿಗೆ ಭೇಟಿ ಕೊಡುವುದಿತ್ತು. ಮನೆಗಳಿಗೆ ಬಣ್ಣ ಬಳಿದರು, ಹೂಗಿಡ ನೆಟ್ಟರು, ಅಂಗಡಿ ಮುಂಗಟ್ಟು ಕಟ್ಟಿದರು. ಊರು ಕಿಕ್ಕಿರಿದು ಕಾಣಬಾರದೆಂದು ಮೇ ತಿಂಗಳಲ್ಲಿ 7,503 ಮಂದಿಯನ್ನು ಆಶ್‌ವಿಟ್ಜ್‌ಗೆ ರೈಲು ಹತ್ತಿಸಿದರು. ಬಂದವರು ನೋಡಿಕೊಂಡು ಹೋದರು.

ಭೇಟಿ ಯಶಸ್ವಿಯಾಯಿತೆಂದು ಅದೇ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಅಲ್ಲಿ ಸಿನಿಮಾ ತೆಗೆಸಿದರು. ನಿರ್ದೇಶನಕ್ಕೆ ಹಚ್ಚಿದ್ದು ಕೈದಿಯಾಗಿದ್ದ ಕುರ್ಟ್ ಗೆರೊನ್ ಅವರನ್ನು. ನಾಜಿಗಳಿಗಿಂತ ಮೊದಲು ಜರ್ಮನ್ ಚಿತ್ರರಂಗದಲ್ಲಿ ಹೆಸರು ಮಾಡಿದ್ದ ಯಹೂದಿ ನಟ ಅವರು. ಫುಟ್‌ಬಾಲ್ ಆಟ, ಗ್ರಂಥಾಲಯ, ಮಕ್ಕಳ ಹಾಡು, ಎಲ್ಲವನ್ನೂ ಚಿತ್ರೀಕರಿಸಿದರು. ಗೆಟ್ಟೊದ ಮಕ್ಕಳು ಹಲವಾರು ಬಾರಿ ಆಡಿದ್ದ ‘ಬ್ರುಂಡಿಬಾರ್’ ಎಂಬ ಸಂಗೀತ ನಾಟಕದ ದೃಶ್ಯವೂ ಇದೆ. ಚಿತ್ರೀಕರಣ ಮುಗಿದ ಕೆಲವೇ ವಾರಗಳಲ್ಲಿ ಹೊಸ ರೈಲುಗಳು ಹೊರಟವು. ಕ್ಯಾಮರಾದ ಮುಂದೆ ಕಂಡವರಲ್ಲಿ ಬಹುಪಾಲು ಜನರನ್ನೂ ನಾಟಕದ ಸಂಗೀತಕಾರ ಹಾನ್ಸ್ ಕ್ರಾಸಾ ಅವರನ್ನೂ ಗೆರೊನ್ ಅವರನ್ನೂ ಆಶ್‌ವಿಟ್ಜ್‌ಗೆ ಒಯ್ದು ಕೊಂದರು. ಸಿನಿಮಾದ ಸುಮಾರು ಇಪ್ಪತ್ತು ನಿಮಿಷಗಳ ತುಣುಕುಗಳು ಉಳಿದಿವೆ.

ಅಭ್ಯಾಸ ಹೀಗೆ ಮಾಡಿ:

(ಅ) ಮೂರು ನಿಮಿಷದ ತುಣುಕನ್ನು ಧ್ವನಿಯಿಲ್ಲದೆ, ಊರ ಹೆಸರು ಹೇಳದೆ ತೋರಿಸಿ. ಕಂಡದ್ದನ್ನು ಬರೆಯಲು ಹೇಳಿ. ‘ಖುಷಿಯಾಗಿದ್ದಾರೆ’ ಎಂದು ಬರೆದವರನ್ನು ತಿದ್ದಬೇಡಿ.

(ಆ) ಮೇಲಿನ ವಿವರಗಳನ್ನು ದಿನಾಂಕ ಸಮೇತ ಹೇಳಿ.

(ಇ) ಅದೇ ತುಣುಕನ್ನು ಮತ್ತೆ ತೋರಿಸಿ. ಕ್ಯಾಮರಾ ಏನನ್ನು ತೋರಿಸುತ್ತಿಲ್ಲ, ಯಾರು ಲೆನ್ಸಿನ ಕಡೆ ನೋಡುವುದನ್ನು ತಪ್ಪಿಸುತ್ತಾರೆ, ಮುದುಕರು ಎಲ್ಲಿದ್ದಾರೆ ಎಂದು ಕೇಳಿ.

(ಈ) ಕೊನೆಗೆ ಅದೇ ಗೆಟ್ಟೊದಲ್ಲಿ ಚಿತ್ರಕಲಾವಿದೆ ಫ್ರೀಡ್ಲ್ ಡಿಕರ್–ಬ್ರಾಂಡೈಸ್ ಕಲಿಸಿದ ಮಕ್ಕಳ ಚಿತ್ರಗಳನ್ನು ತೋರಿಸಿ. ಪ್ರಾಗ್‌ನ ಯಹೂದಿ ವಸ್ತುಸಂಗ್ರಹಾಲಯದಲ್ಲಿ ಅಂಥ ಸುಮಾರು 4,500 ಚಿತ್ರಗಳಿವೆ. ನಾಜಿ ಕ್ಯಾಮರಾ ಕಂಡ ಊರು ಒಂದು, ಅಲ್ಲಿದ್ದ ಮಕ್ಕಳು ಬಿಡಿಸಿದ ಊರು ಇನ್ನೊಂದು.

ಎಚ್ಚರಿಕೆ: ಪ್ರಚಾರಚಿತ್ರದ ತುಣುಕನ್ನು ವಿವರಣೆಯಿಲ್ಲದೆ ಎಂದೂ ಬಿಡಬೇಡಿ. ಅವಧಿ ಮುಗಿಯಿತು, ಉಳಿದದ್ದು ನಾಳೆ ಎಂದು ಮಕ್ಕಳನ್ನು (ಅ)ದಲ್ಲೇ ನಿಲ್ಲಿಸಿ ಕಳಿಸಿದರೆ ನಾಜಿಗಳ ಕೆಲಸವನ್ನು ನೀವೇ ಮುಂದುವರಿಸಿದಂತೆ. ಶಾಲೆಯ ವಾಟ್ಸ್‌ಆ್ಯಪ್ ಗುಂಪಿಗೂ ಅದನ್ನು ಹಾಕಬೇಡಿ. 1940ರ ‘ಯೂದ್ ಸೂಸ್’ನಂಥ ಪೂರ್ಣ ಪ್ರಚಾರಚಿತ್ರಗಳು ಶಾಲಾ ಉತ್ಸವದ ವ್ಯಾಪ್ತಿಗೆ ಬರುವುದೇ ಇಲ್ಲ.

ಹಂತ 5: ಹಕ್ಕು, ಅನುಮತಿ, ಅಡಿಬರಹ

ಈ ವಿಭಾಗ ನೀರಸ, ಆದರೆ ಬಿಡುವಂತಿಲ್ಲ.

ಒಟಿಟಿ ಚಂದಾ ಮನೆಯಲ್ಲಿ ನೋಡಲಿಕ್ಕೆ. ಅದರಿಂದ ಸಭಾಂಗಣದಲ್ಲಿ ಪ್ರದರ್ಶಿಸುವ ಹಕ್ಕು ಬರುವುದಿಲ್ಲ. ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ, ಅಲ್ಲಿನ ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು ಮತ್ತು ಆ ಚಟುವಟಿಕೆಗೆ ಸಂಬಂಧಪಟ್ಟವರಿಗೆ ಮಾತ್ರ ಚಿತ್ರ ತೋರಿಸಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಸೆಕ್ಷನ್ ಅವಕಾಶ ಕೊಡುತ್ತದೆ. ‘ಸಾರ್ವಜನಿಕರಿಗೆ ಮುಕ್ತ ಪ್ರವೇಶ’ ಎಂದು ಗೇಟಿಗೆ ಬ್ಯಾನರ್ ಕಟ್ಟಿದ ಕ್ಷಣ ಆ ಅವಕಾಶ ಹೋಯಿತು. ಆಗ ಹಕ್ಕುದಾರರಿಂದ ಅಥವಾ ವಿತರಕರಿಂದ ಲಿಖಿತ ಅನುಮತಿ ಬೇಕು. ಭಾರತದ ಸೆನ್ಸಾರ್ ಪ್ರಮಾಣಪತ್ರವಿಲ್ಲದ ವಿದೇಶಿ ಚಿತ್ರವನ್ನು ಉತ್ಸವದಲ್ಲಿ ಸಾರ್ವಜನಿಕರಿಗೆ ತೋರಿಸುವುದಾದರೆ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ವಿನಾಯಿತಿಯೂ ಬೇಕು. ಬೆಂಗಳೂರಿನ ಸುಚಿತ್ರದಂಥ ಹಳೆಯ ಚಿತ್ರಸಮಾಜಗಳಿಗೆ ಈ ದಾರಿಗಳು ಗೊತ್ತು, ಮೊದಲು ಅಲ್ಲಿ ವಿಚಾರಿಸಿ. ಜರ್ಮನ್ ಚಿತ್ರಗಳಿಗೆ ಮ್ಯಾಕ್ಸ್ ಮುಲ್ಲರ್ ಭವನವನ್ನೂ ಫ್ರೆಂಚ್ ಚಿತ್ರಗಳಿಗೆ ಅಲಿಯಾನ್ಸ್ ಫ್ರಾನ್ಸೇಸನ್ನೂ ಕೇಳಿ ನೋಡಬಹುದು. ಇವೆಲ್ಲಕ್ಕೆ ಮೂರು ತಿಂಗಳಾದರೂ ಕೈಯಲ್ಲಿರಲಿ.

ಕನ್ನಡ ಅಡಿಬರಹ ಸಿಗುವುದು ಅಪರೂಪ. ಇಂಗ್ಲಿಷ್ ಅಡಿಬರಹ ಓದುವಷ್ಟರಲ್ಲಿ ದೃಶ್ಯ ಮುಗಿದುಹೋಗುವ ಮಕ್ಕಳಿಗೆ ಒಂದು ಪುಟದ ಕನ್ನಡ ಸಾರಾಂಶ, ಪಾತ್ರಗಳ ಪಟ್ಟಿ ಮೊದಲೇ ಕೊಡಿ. ಚಿತ್ರದ ನಡುವೆ ಮೈಕ್ ಹಿಡಿದು ಅನುವಾದ ಹೇಳಬೇಡಿ.

ಪೋಸ್ಟರಿನಲ್ಲಿ ನಾಜಿ ಲಾಂಛನ ಬೇಡವೇ ಬೇಡ. ನಮ್ಮ ಮನೆಯ ಹೊಸ್ತಿಲಲ್ಲಿ, ಪೂಜೆಯ ತಟ್ಟೆಯಲ್ಲಿ ಇರುವ ಸ್ವಸ್ತಿಕಕ್ಕೂ ಅವರು ಓರೆಯಾಗಿಸಿ ಧ್ವಜಕ್ಕೆ ಹಾಕಿಕೊಂಡ ಚಿಹ್ನೆಗೂ ಇರುವ ವ್ಯತ್ಯಾಸವನ್ನು ತರಗತಿಯಲ್ಲಿ ವಿವರಿಸಬಹುದು, ಗೋಡೆಯ ಮೇಲೆ ಅಂಟಿಸಿ ವಿವರಿಸಲಾಗದು.

ಹಂತ 6: ಹಿಂದಿನ ದಿನದ ನಲವತ್ತು ನಿಮಿಷ

ಸಿನಿಮಾಕ್ಕೆ ಮೊದಲು ಒಂದು ಪೂರ್ಣ ಅವಧಿಯ ಪಾಠ ಬೇಕು. ಯಹೂದಿಗಳನ್ನು ಮಕ್ಕಳು ಮೊದಲ ಬಾರಿಗೆ ಹೆಣಗಳಾಗಿ ನೋಡಬಾರದು. ಯುದ್ಧಕ್ಕೆ ಮುಂಚಿನ ಅವರ ಮದುವೆ, ಶಾಲೆ, ಅಂಗಡಿ, ಕ್ರೀಡಾಕೂಟಗಳ ಫೋಟೊಗಳಿಂದ ಆರಂಭಿಸಿ. ವಿಯೆನ್ನಾ ಮೂಲದ ‘ಸೆಂಟ್ರೊಪಾ’ ಸಂಸ್ಥೆ ಮಧ್ಯ ಯುರೋಪಿನ ಹಿರಿಯ ಯಹೂದಿಗಳ ಕುಟುಂಬ ಫೋಟೊಗಳನ್ನೂ ಅವುಗಳ ಹಿಂದಿನ ಕಥೆಗಳನ್ನೂ ಸಂಗ್ರಹಿಸಿ, ಅವುಗಳಿಂದ ಕಿರುಚಿತ್ರಗಳನ್ನು ಮಾಡಿದೆ.

ನಮ್ಮ ಮಕ್ಕಳಿಗೆ ಇನ್ನೊಂದು ಬಾಗಿಲೂ ಇದೆ. ಆಕಾಶವಾಣಿಯ ಬೆಳಗಿನ ಆರಂಭಿಕ ಧುನ್ ನುಡಿಸಿ, ಇದನ್ನು ಮಾಡಿದವರು ಯಾರು ಎಂದು ಕೇಳಿ. ಆ ಕೀರ್ತಿ ಸಲ್ಲುವುದು ವಾಲ್ಟರ್ ಕೌಫ್‌ಮನ್ ಅವರಿಗೆ. ಇಂದಿನ ಜೆಕ್ ದೇಶದ ಕಾರ್ಲೊವಿ ವಾರಿಯಲ್ಲಿ ಹುಟ್ಟಿ, ನಾಜಿಗಳ ಏಳಿಗೆಯ ಕಾಲದಲ್ಲಿ, 1934ರಲ್ಲಿ, ಮುಂಬೈಗೆ ಬಂದ ಯಹೂದಿ ಸಂಗೀತಗಾರ. 1933ರ ನೌಕರಿ ಕಾನೂನು ಹೊರಹಾಕಿದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಸಿ.ವಿ. ರಾಮನ್ ಅವರ ಆಹ್ವಾನದ ಮೇಲೆ 1935–36ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲವು ತಿಂಗಳು ಇದ್ದರು. ಬರ್ಲಿನ್‌ನ ವಾಸ್ತುಶಿಲ್ಪಿ ಒಟ್ಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು, ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳು ಅವರವೇ.

ಇಲ್ಲೊಂದು ಗುಂಡಿ ಇದೆ. ಈ ಹೆಸರುಗಳು ಬಂದ ಕೂಡಲೇ ಪಾಠ ‘ನಾವು ಅವರನ್ನು ಕಾಪಾಡಿದೆವು’ ಎಂಬ ಹೆಮ್ಮೆಯ ಕಡೆ ಜಾರುತ್ತದೆ. ವಿಜ್ಞಾನ ಸಂಸ್ಥೆಯಲ್ಲಿ ಬಾರ್ನ್ ಅವರಿಗೆ ಕಾಯಂ ಹುದ್ದೆ ಕೊಡಿಸಲು ರಾಮನ್ ಮಾಡಿದ ಪ್ರಯತ್ನ ಫಲಿಸಲಿಲ್ಲ. ಅದನ್ನೂ ಹೇಳಿ.

ಹಂತ 7: ಪ್ರದರ್ಶನದ ದಿನ

ಬಾಗಿಲ ಬಳಿ ಒಬ್ಬ ಶಿಕ್ಷಕರು ಇರಲಿ. ‘ನೋಡಲಾಗದಿದ್ದರೆ ಎದ್ದು ಹೋಗಬಹುದು, ಯಾರೂ ಕಾರಣ ಕೇಳುವುದಿಲ್ಲ’ ಎಂದು ಮೊದಲೇ ತಿಳಿಸಿ. ಹೊರಗೆ ಬಂದ ಮಗುವಿನ ಜೊತೆ ಕೂರಲು ಒಬ್ಬರು ಬೇಕು. ಮನೆಯಲ್ಲಿ ಇತ್ತೀಚೆಗೆ ಸಾವು ನೋವು ಕಂಡ ಮಕ್ಕಳು ಯಾರೆಂದು ತರಗತಿ ಶಿಕ್ಷಕರಿಗೆ ಗೊತ್ತಿರುತ್ತದೆ. ಅವರನ್ನು ಕೇಳಿ.

ಮಕ್ಕಳ ತೋಳಿಗೆ ಹಳದಿ ನಕ್ಷತ್ರ ಕಟ್ಟುವುದು, ಕೈದಿ–ಕಾವಲುಗಾರರ ಅಭಿನಯ ಮಾಡಿಸುವುದು, ಕತ್ತಲ ಕೋಣೆಯಲ್ಲಿ ನಿಲ್ಲಿಸಿ ‘ಅನುಭವ’ ಕೊಡುವುದು, ಇವು ಯಾವುವೂ ಬೇಡ. ಹತ್ತು ನಿಮಿಷದ ಆಟದಿಂದ ಯಾರಿಗೂ ಆ ಅನುಭವ ಬರುವುದಿಲ್ಲ. ಬಂದರೂ ಬರದಿದ್ದರೂ ಅದು ತಪ್ಪೇ.

ವೇದಿಕೆ ಕಾರ್ಯಕ್ರಮವನ್ನು ಬೇರೆ ದಿನ ಇಟ್ಟುಕೊಳ್ಳಿ. ಚಿತ್ರದ ಕೊನೆಯ ಹೆಸರುಗಳು ಪರದೆಯ ಮೇಲೆ ಇನ್ನೂ ಸಾಗುತ್ತಿರುವಾಗಲೇ ‘ಈಗ ಮಾನ್ಯ ಅತಿಥಿಗಳಿಗೆ ಶಾಲು, ಹಣ್ಣಿನ ಬುಟ್ಟಿ’ ಎಂದು ಮೈಕ್ ಕೂಗಿದರೆ ಅಲ್ಲಿಯವರೆಗೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಹಂತ 8: ಚರ್ಚೆ

ಮೊದಲ ಐದು ನಿಮಿಷ ಯಾರೂ ಮಾತನಾಡುವುದು ಬೇಡ, ಬರೆಯಲಿ. ಮಾತು ‘ನಿಮಗೆ ಏನನಿಸಿತು?’ ಎಂದು ಆರಂಭವಾದರೆ ‘ಬಹಳ ಬೇಸರವಾಯಿತು ಸರ್’ ಎಂಬಲ್ಲಿಗೆ ನಿಲ್ಲುತ್ತದೆ. ‘ಯಾವ ಕ್ಷಣದಲ್ಲಿ ಯಾರಿಗೆ ಬೇರೆ ದಾರಿಯಿತ್ತು?’ ಎಂದು ಕೇಳಿ. ಇದರಲ್ಲಿ ಅರ್ಧ ಗಂಟೆ ಕಳೆದದ್ದೇ ತಿಳಿಯುವುದಿಲ್ಲ.

ನಮ್ಮ ಸಭೆಗಳಲ್ಲಿ ತಪ್ಪದೆ ಬರುವ ಕೆಲವು ಪ್ರಶ್ನೆಗಳಿಗೆ ಸಿದ್ಧರಾಗಿರಿ.

‘ಹಿಟ್ಲರ್ ಶಿಸ್ತಿನ ನಾಯಕನಲ್ಲವೇ, ಉದ್ಯೋಗ ಕೊಟ್ಟನಲ್ಲವೇ?’ ಬೈಯಬೇಡಿ. ಆ ಹುಡುಗ ಇದನ್ನು ಎಲ್ಲೋ ದೊಡ್ಡವರಿಂದಲೇ ಕೇಳಿರುತ್ತಾನೆ. ಉದ್ಯೋಗ ಬಂದದ್ದು ಬಹುಪಾಲು ಯುದ್ಧಸಿದ್ಧತೆಯಿಂದ, ಯಹೂದಿಗಳನ್ನು ತೆಗೆದುಹಾಕಿದ ಜಾಗಗಳೂ ಆ ಲೆಕ್ಕದಲ್ಲಿವೆ. ಹನ್ನೆರಡು ವರ್ಷಗಳ ಕೊನೆಗೆ ಜರ್ಮನಿಯ ನಗರಗಳು ಹೇಗಿದ್ದವು ಎಂಬ ಫೋಟೊ ಒಂದನ್ನು ಕೈಯಲ್ಲಿಟ್ಟುಕೊಂಡಿರಿ.

‘ನೇತಾಜಿ ಹಿಟ್ಲರನನ್ನು ಭೇಟಿಯಾಗಿದ್ದರಲ್ಲ?’ ಹೌದು, 1942ರ ಮೇ ತಿಂಗಳಲ್ಲಿ. ಬ್ರಿಟಿಷರ ವಿರುದ್ಧ ನೆರವು ಹುಡುಕಿ ಹೋದದ್ದು. ಗಾಂಧೀಜಿ ಹಿಟ್ಲರನಿಗೆ ಪತ್ರ ಬರೆದರು, 1938ರ ನವೆಂಬರ್‌ನಲ್ಲಿ ‘ಹರಿಜನ’ ಪತ್ರಿಕೆಯಲ್ಲಿ ಜರ್ಮನಿಯ ಯಹೂದಿಗಳಿಗೆ ಅಹಿಂಸಾತ್ಮಕ ಪ್ರತಿರೋಧ ಸೂಚಿಸಿದರು. ಯಹೂದಿ ಚಿಂತಕ ಮಾರ್ಟಿನ್ ಬೂಬರ್ ಅದನ್ನು ಒಪ್ಪದೆ ಉತ್ತರ ಬರೆದರು. ಹಿರಿಯರ ನಿಲುವನ್ನು ಮುಚ್ಚಿಡದೆ, ಮುಗಿಬೀಳದೆ ಮುಂದಿಡಿ. ಕಾಲೇಜು ಮಕ್ಕಳಾದರೆ ಆ ಎರಡು ಬರಹಗಳನ್ನು ಓದಿಸುವುದೇ ಒಂದು ಸಂಜೆಯ ಕಾರ್ಯಕ್ರಮ.

‘ಅಷ್ಟು ಜನ ಇದ್ದರಲ್ಲ, ಯಾಕೆ ತಿರುಗಿ ಬೀಳಲಿಲ್ಲ?’ ಬಿದ್ದರು. 1943ರ ಏಪ್ರಿಲ್ 19ರಂದು ವಾರ್ಸಾ ಗೆಟ್ಟೊ ದಂಗೆಯೆದ್ದಿತು. ಅದೇ ವರ್ಷ ಆಗಸ್ಟ್‌ನಲ್ಲಿ ಟ್ರೆಬ್ಲಿಂಕಾದಲ್ಲಿ, ಅಕ್ಟೋಬರ್‌ನಲ್ಲಿ ಸೊಬಿಬೊರ್‌ನಲ್ಲಿ ಕೈದಿಗಳು ಬಂಡೆದ್ದರು. ಆಮೇಲೆ ಪ್ರಶ್ನೆಯನ್ನು ತಿರುಗಿಸಿ: ಮಕ್ಕಳು, ಮುದುಕರು ಜೊತೆಗಿರುವಾಗ, ಆಯುಧವಿಲ್ಲದೆ, ಹೋಗಲು ಜಾಗವಿಲ್ಲದೆ ತಿರುಗಿ ಬೀಳುವುದೆಂದರೆ ಏನು?

‘ಗಾಜಾದಲ್ಲಿ ಆಗುತ್ತಿರುವುದು?’ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳಿದವರ ಬಾಯಿ ಮುಚ್ಚಿಸಿದರೆ ಉತ್ಸವದ ಹೆಸರಿಗೇ ಅವಮಾನ. ಎರಡು ನಿಮಿಷದಲ್ಲಿ ತೀರ್ಪು ಕೊಟ್ಟರೂ ಅಷ್ಟೇ. ಪ್ರಶ್ನೆ ನ್ಯಾಯವಾದದ್ದು ಎಂದು ಒಪ್ಪಿಕೊಂಡು, ಅದಕ್ಕೆ ಬೇರೆ ದಿನ, ಬೇರೆ ಓದು ಗೊತ್ತು ಮಾಡಿ, ಆ ದಿನವನ್ನು ನಿಜವಾಗಿಯೂ ನಡೆಸಿ. 1942ರಲ್ಲಿ ಸತ್ತ ಮಗುವನ್ನು ಇಂದಿನ ಯಾವ ಸರ್ಕಾರದ ಪರವಾಗಿಯೂ ವಿರುದ್ಧವಾಗಿಯೂ ಸಾಕ್ಷಿಕಟ್ಟೆಗೆ ಎಳೆಯಬೇಡಿ.

‘ನಮ್ಮಲ್ಲಿಯೂ ಜಾತಿಯ ಹೆಸರಲ್ಲಿ ಹೀಗೇ ಅಲ್ಲವೇ?’ ನಾನು ಕಾದು ಕೂರುವುದು ಈ ಪ್ರಶ್ನೆಗೆ. ಯಾರ ನೋವು ಹೆಚ್ಚು ಎಂಬ ತಕ್ಕಡಿ ಹಿಡಿಯಲು ಮಾತ್ರ ಬಿಡಬೇಡಿ, ಎಲ್ಲವೂ ಒಂದೇ ಎಂದು ಸಾರಿಸಿಬಿಡಬೇಡಿ. ಬೆಂಚು ಬೇರೆ ಮಾಡುವುದು, ಬಾವಿ ಬೇರೆ ಮಾಡುವುದು, ಮದುವೆಗೆ ಅಡ್ಡ ನಿಲ್ಲುವುದು, ಬಾಡಿಗೆ ಮನೆ ಕೊಡದಿರುವುದು. ಇಂಥ ಕ್ರಿಯೆಗಳನ್ನು ಪಟ್ಟಿ ಮಾಡಿಸಿ, ಎಲ್ಲಿ ಕಾನೂನು ಅದರ ಪರವಿತ್ತು, ಎಲ್ಲಿ ಕಾನೂನು ವಿರುದ್ಧವಿದ್ದರೂ ನಡೆಯುತ್ತಿದೆ ಎಂದು ಬೇರ್ಪಡಿಸಲು ಹೇಳಿ.

ಹಂತ 9: ನಂತರದ ವಾರಗಳು

ಪ್ರಾಗ್‌ನ ಯಹೂದಿ ವಸ್ತುಸಂಗ್ರಹಾಲಯದ ‘ಕಣ್ಮರೆಯಾದ ನೆರೆಯವರು’ ಯೋಜನೆಯಲ್ಲಿ ಶಾಲಾ ಮಕ್ಕಳು ತಮ್ಮದೇ ಊರಿನಿಂದ ಇಲ್ಲವಾದ ಯಹೂದಿ ಕುಟುಂಬಗಳನ್ನು ದಾಖಲೆ ಹುಡುಕಿ, ಹಿರಿಯರನ್ನು ಮಾತನಾಡಿಸಿ ಪತ್ತೆ ಹಚ್ಚುತ್ತಾರೆ. ಜರ್ಮನಿ, ಜೆಕ್ ದೇಶ, ಅಮೆರಿಕದಲ್ಲಿರುವ ಕನ್ನಡ ಕೂಟಗಳು ಹತ್ತಿರದ ಸ್ಮಾರಕ ಅಥವಾ ವಸ್ತುಸಂಗ್ರಹಾಲಯದ ಜೊತೆ ಸೇರಿ ಇಂಥದ್ದನ್ನು ಮಾಡಬಹುದು. ಇಲ್ಲಿದ್ದವರು ಯಾದ್ ವಾಶೆಮ್‌ನ ಹೆಸರುಗಳ ದತ್ತಾಂಶದಿಂದ ತಮ್ಮದೇ ವಯಸ್ಸಿನ ಒಂದು ಮಗುವಿನ ಹೆಸರು ಹುಡುಕಿ, ಆ ಊರು, ಆ ಬೀದಿ, ಆ ಶಾಲೆಯ ಬಗ್ಗೆ ಒಂದು ಪುಟ ಬರೆಯಲಿ. ಸ್ಪೀಲ್‌ಬರ್ಗ್ 1994ರಲ್ಲಿ ಆರಂಭಿಸಿದ ಶೋಆ ಪ್ರತಿಷ್ಠಾನ 50,000ಕ್ಕೂ ಹೆಚ್ಚು ಸಾಕ್ಷ್ಯಗಳನ್ನು ದಾಖಲಿಸಿದೆ. ಅವುಗಳಲ್ಲಿ ಕೆಲವನ್ನು ಶಿಕ್ಷಕರು ಉಚಿತವಾಗಿ ಅಂತರಜಾಲದಲ್ಲಿ ಬಳಸಬಹುದು.

ಮಕ್ಕಳ ಅಭಿಪ್ರಾಯವನ್ನು ಆ ದಿನವೇ ಸಂಗ್ರಹಿಸಬೇಡಿ, ಮೂರು ವಾರ ಬಿಡಿ. ‘ಕಾರ್ಯಕ್ರಮ ಹೇಗಿತ್ತು’ ಎಂಬ ನಕ್ಷತ್ರ ಹಾಕುವ ನಮೂನೆ ಬೇಡ. ಎರಡೇ ಪ್ರಶ್ನೆ ಸಾಕು: 1938ರ ನವೆಂಬರ್‌ನಲ್ಲಿ ಏನಾಯಿತು? ನೀವು ನೋಡಿದ ಚಿತ್ರವನ್ನು ತೆಗೆದವರು ಯಾರು, ಏಕೆ? ಉತ್ತರಗಳಲ್ಲಿ ಬರಿಯ ಕಥೆಯ ಸಾರಾಂಶ ಬಂದರೆ ಮುಂದಿನ ವರ್ಷ ಮೂರರ ಬದಲು ಎರಡು ಚಿತ್ರ ತೋರಿಸಿ, ಉಳಿದ ಸಮಯವನ್ನು ನಾಲ್ಕನೆಯ ಹಂತಕ್ಕೆ ಕೊಡಿ.